ಕೈಗೆ ಸಿಕ್ಕ ಮಗು ಮತ್ತೆ ಕಾಣೆಯಾದರೆ



ಊಟಕ್ಕೆ ಮುಂಚಿನ ಭಾಷಣವನ್ನು ಸಮಾವೇಶದ ಅಧ್ಯಕ್ಷರಿಗೆ ಕೊಡುವುದರಲ್ಲಿ ಸಂಘಟಕರ ಜಾಣತನವಿದೆ; ಉದ್ದ ಎಳೆಯುವ ಧೈರ್ಯ ಯಾರಿಗೂ ಬರುವುದಿಲ್ಲ. ಹೆತ್ತವರೂ ಬಂಧುಗಳೂ ಜೊತೆಗಿಲ್ಲದೆ ಊರು ಬಿಡುವ, ಗಡಿ ದಾಟುವ ಮಕ್ಕಳನ್ನು ಪತ್ತೆ ಹಚ್ಚುವುದು ಹೇಗೆಂದು ಬೆಳಗಿನಿಂದ ಮಾತಾಡಿದ್ದೇವೆ. ನಾನು ಅದರ ಮುಂದಿನ ಘಟ್ಟಕ್ಕೆ ಬರುತ್ತೇನೆ. ಪತ್ತೆಯಾಗಿ, ರಿಜಿಸ್ಟರಿನಲ್ಲಿ ಹೆಸರು ಬರೆಸಿ, ಸರ್ಕಾರದ ಅನ್ನವನ್ನೂ ಉಂಡ ಮಗು ಮತ್ತೆ ಕಾಣೆಯಾಗುತ್ತದಲ್ಲ, ಅದರ ವಿಷಯಕ್ಕೆ.

2016ರ ಜನವರಿಯಲ್ಲಿ ಯುರೋಪೋಲ್, ಅಂದರೆ ಯುರೋಪಿನ ದೇಶಗಳ ಪೊಲೀಸ್ ಒಕ್ಕೂಟ, ಒಂದು ಮಾತು ಹೇಳಿತು: ಯುರೋಪಿಗೆ ಒಂಟಿಯಾಗಿ ಬಂದು ನೋಂದಣಿಯಾದ ಮಕ್ಕಳಲ್ಲಿ ಕನಿಷ್ಠ 10,000 ಮಂದಿ ಎಲ್ಲಿದ್ದಾರೋ ತಿಳಿಯದು. ಎಲ್ಲರೂ ಕಳ್ಳಸಾಗಣೆ ದಂಧೆಯವರ ಪಾಲಾದರೆಂದು ಅದು ಹೇಳಲಿಲ್ಲ. ಕೆಲವರು ಬಂಧುಗಳ ಮನೆ ಸೇರಿರಬಹುದು ಎಂದಿತು. ಯಾರು ಮನೆ ಸೇರಿದರು, ಯಾರು ದಂಧೆಯವರ ಕೈ ಸೇರಿದರು ಎಂದು ಖಚಿತವಾಗಿ ಹೇಳುವವರು ಒಬ್ಬರೂ ಇರಲಿಲ್ಲ. ನನಗೆ ದಿಗಿಲು ಹುಟ್ಟಿಸುವುದು ಇದೇ. ಆಮೇಲೂ ಸ್ಥಿತಿ ಸುಧಾರಿಸಲಿಲ್ಲ. 2021ರಿಂದ 2023ರವರೆಗೆ 51,433 ಮಕ್ಕಳು ಹೀಗೆ ಕಾಣೆಯಾದರೆಂದು ‘ಲಾಸ್ಟ್ ಇನ್ ಯುರೋಪ್’ ಎಂಬ ಪತ್ರಕರ್ತರ ತಂಡ ದೇಶ ದೇಶಗಳಿಂದ ಅಂಕಿ ಸಂಗ್ರಹಿಸಿ ಬರೆಯಿತು.

ಬ್ರಿಟನ್ನಿನ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಕೆಲಸಕ್ಕೆ ಅದರಲ್ಲಿ ಪಾಠವಿದೆ. ಚಿಕ್ಕ ದೋಣಿಗಳಲ್ಲಿ ಇಂಗ್ಲಿಷ್ ಕಾಲುವೆ ದಾಟಿ ಬಂದ ಮಕ್ಕಳ ಹೊಣೆ ಮೊದಲು ಬೀಳುವುದು ಕೆಂಟ್ ಕೌಂಟಿ ಕೌನ್ಸಿಲಿನ ಮೇಲೆ. ಇನ್ನು ನಮ್ಮಲ್ಲಿ ಜಾಗವಿಲ್ಲ ಎಂದು ಕೆಂಟ್ ಕೈಚೆಲ್ಲಿತು. 2021ರ ಜುಲೈಯಿಂದ ಗೃಹ ಇಲಾಖೆ ಮಕ್ಕಳನ್ನು ಹೋಟೆಲುಗಳಲ್ಲಿ ಇರಿಸತೊಡಗಿತು. ಅಲ್ಲಿ ಹಾಸಿಗೆಯಿತ್ತು, ಊಟವಿತ್ತು, ಬಾಗಿಲಲ್ಲಿ ಕಾವಲೂ ಇತ್ತು. ಆದರೆ ಕಾನೂನಿನ ಕಣ್ಣಲ್ಲಿ ಆ ಮಕ್ಕಳು ಯಾರ ಪಾಲನೆಯಲ್ಲಿದ್ದರು? ಇಲಾಖೆ ಕೌನ್ಸಿಲ್ ಕಡೆ ಬೆರಳು ತೋರಿಸಿದರೆ ಕೌನ್ಸಿಲ್ ಇಲಾಖೆಯ ಕಡೆ ತೋರಿಸುತ್ತಿತ್ತು. ಹಾಗೆ ಇರಿಸಿದ ಸುಮಾರು 4,600 ಮಕ್ಕಳಲ್ಲಿ 200 ಮಂದಿ ಇನ್ನೂ ಸಿಕ್ಕಿಲ್ಲವೆಂದು 2023ರ ಜನವರಿಯಲ್ಲಿ ಸರ್ಕಾರವೇ ಪಾರ್ಲಿಮೆಂಟಿನಲ್ಲಿ ಒಪ್ಪಿಕೊಂಡಿತು. ಅವರಲ್ಲಿ ಹೆಚ್ಚಿನವರು ಅಲ್ಬೇನಿಯಾದ ಹುಡುಗರು. 13 ಮಂದಿಗೆ 16 ಕೂಡ ತುಂಬಿರಲಿಲ್ಲ. ತುರ್ತು ಸಂದರ್ಭದಲ್ಲಿ ಒಂದೆರಡು ದಿನಕ್ಕಾದರೆ ಸರಿ, ಅದನ್ನೇ ರೂಢಿ ಮಾಡಿಕೊಂಡದ್ದು ಕಾನೂನುಬಾಹಿರ ಎಂದು ಅದೇ ವರ್ಷ ಜುಲೈಯಲ್ಲಿ ಹೈಕೋರ್ಟ್ ತೀರ್ಪಿತ್ತಿತು. ಕೆಂಟ್ ಕೌಂಟಿಯೂ ತನ್ನ ಕರ್ತವ್ಯ ಮರೆತಿದೆ ಎಂದಿತು.

ಮಕ್ಕಳೇಕೆ ಬೆಚ್ಚಗಿನ ಕೋಣೆ ಬಿಟ್ಟು ಹೋಗುತ್ತಾರೆ? ಬಾಗಿಲಿಗೆ ಬೀಗ ಹಾಕಿದರಾಯಿತು ಎನ್ನುವವರು ಸಾಲದ ಬಗ್ಗೆ ಯೋಚಿಸಿರುವುದಿಲ್ಲ. ಗಡಿ ದಾಟಿಸಿದವನಿಗೆ ಕೊಡಬೇಕಾದ ಹಣ ಹುಡುಗನ ತಲೆಯ ಮೇಲಿರುತ್ತದೆ, ಊರಲ್ಲಿ ಅಪ್ಪ ಅಮ್ಮನ ತಲೆಯ ಮೇಲೂ ಇರುತ್ತದೆ. ಜೇಬಿನಲ್ಲಿ ಬರೆದಿಟ್ಟ ಒಂದು ನಂಬರು, ಅದರಿಂದ ಬರುವ ಒಂದು ಕರೆ: ಇಂಥ ಹೊತ್ತಿಗೆ ಹೊರಗೆ ಬಾ. ಇದರ ಜೊತೆಗೆ ಗಡೀಪಾರಾಗುವ ಭಯ, ನಿನಗೆ ಹದಿನೆಂಟು ದಾಟಿದೆ ಎಂದು ಅಧಿಕಾರಿ ಮುಖ ನೋಡಿಯೇ ಬರೆದುಬಿಡುವ ಭಯ. ಹಾಗೆ ಹೋದವರ ಗತಿ ಏನಾಗಬಹುದೆಂದು ನೋಡಿ: ಇಂಗ್ಲೆಂಡಿನ ಎಸೆಕ್ಸ್‌ನಲ್ಲಿ 2019ರ ಅಕ್ಟೋಬರ್ 23ರಂದು ಒಂದು ಲಾರಿಯ ಕಂಟೇನರಿನೊಳಗೆ 39 ವಿಯೆಟ್ನಾಮಿ ಜನರ ಶವಗಳು ಸಿಕ್ಕವು. ಅತಿ ಕಿರಿಯರು ಹದಿನೈದರ ಇಬ್ಬರು ಹುಡುಗರು. ಸತ್ತವರಲ್ಲಿ ಇಬ್ಬರು ಹದಿಹರೆಯದ ಹುಡುಗರು ಅದಕ್ಕೆ ಮುಂಚೆ ನೆದರ್ಲೆಂಡ್ಸಿನ ಒಂದು ಆಶ್ರಯಧಾಮದಲ್ಲಿದ್ದು ಅಲ್ಲಿಂದ ಕಾಣೆಯಾಗಿದ್ದರು. ಕಳ್ಳಸಾಗಣೆಯ ಅಪಾಯದಲ್ಲಿರುವ ಮಕ್ಕಳಿಗೆಂದೇ ಕಟ್ಟಿದ ಧಾಮ ಅದು.

ಒಳ್ಳೆಯ ಮಾದರಿಗಳೂ ಇವೆ. ಇಟಲಿಯಲ್ಲಿ 2017ರ ಜಾಂಪಾ ಕಾನೂನು ಬಂದ ಮೇಲೆ ಸಾಮಾನ್ಯ ನಾಗರಿಕರೇ ತರಬೇತಿ ಪಡೆದು, ಬಾಲ ನ್ಯಾಯಾಲಯದ ಪಟ್ಟಿಯಲ್ಲಿ ಹೆಸರು ಬರೆಸಿ, ಇಂಥ ಮಕ್ಕಳ ಪೋಷಕರಾಗುತ್ತಾರೆ. ಸಾಮಾನ್ಯವಾಗಿ ಒಬ್ಬರಿಗೆ ಮೂವರಿಗಿಂತ ಹೆಚ್ಚು ಮಕ್ಕಳನ್ನು ಒಪ್ಪಿಸುವಂತಿಲ್ಲ. ಸ್ಕಾಟ್ಲೆಂಡ್ ಮಾನವ ಕಳ್ಳಸಾಗಣೆ ತಡೆಯುವ ತನ್ನ 2015ರ ಕಾಯಿದೆಯಲ್ಲೇ ಇಂಥ ಪೋಷಕರಿಗೆ ಜಾಗ ಮಾಡಿಕೊಟ್ಟಿದೆ. ಪೋಷಕರ ನೇಮಕವೇ ರಾಮಬಾಣವೆಂದು ನಾನು ಹೇಳಲಾರೆ. ನೆದರ್ಲೆಂಡ್ಸಿನಲ್ಲೂ ಪೋಷಕ ಸಂಸ್ಥೆಯಿತ್ತು, ಹುಡುಗರು ಹೋದರು. ಆದರೂ ಮಗು ಹೋದ ರಾತ್ರಿಯೇ ಗಾಬರಿಗೊಂಡು ಹುಡುಕಲು ಹೊರಡುವ ಒಬ್ಬ ಮನುಷ್ಯ ಇರಬೇಕು. ಕಚೇರಿ ಗಾಬರಿಯಾಗುವುದಿಲ್ಲ.

ಈಗ ನಮ್ಮ ಕಡೆಗೆ. ನಮ್ಮ ಮಕ್ಕಳು ಸಮುದ್ರ ದಾಟಿ ಬರುವುದಿಲ್ಲ, ಜನರಲ್ ಬೋಗಿಯಲ್ಲಿ ಬರುತ್ತಾರೆ. ಬಿಹಾರ, ಜಾರ್ಖಂಡ್‌ನಿಂದ ಬೆಂಗಳೂರಿಗೆ. ನಮ್ಮ ಯಾದಗಿರಿ, ರಾಯಚೂರಿನಿಂದ ಮುಂಬೈ, ಪುಣೆಗೆ. 2018ರಿಂದ 2024ರ ಮೇವರೆಗೆ ರೈಲ್ವೆ ರಕ್ಷಣಾ ಪಡೆ ‘ನನ್ಹೇ ಫರಿಶ್ತೆ’ ಕಾರ್ಯಾಚರಣೆಯಲ್ಲಿ 84,119 ಮಕ್ಕಳನ್ನು ನಿಲ್ದಾಣಗಳಲ್ಲೂ ರೈಲುಗಳಲ್ಲೂ ರಕ್ಷಿಸಿದೆ. ಆ ಸಿಬ್ಬಂದಿಗೆ ಈ ವೇದಿಕೆಯಿಂದ ನಮಸ್ಕಾರ. ಕಾನೂನಿಗೂ ನಮ್ಮಲ್ಲಿ ಬರವಿಲ್ಲ. 24 ಗಂಟೆಯೊಳಗೆ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರಬೇಕೆಂದು 2015ರ ಬಾಲನ್ಯಾಯ ಕಾಯಿದೆ ಹೇಳುತ್ತದೆ. ವಯಸ್ಸಿಗೆ ಮೊದಲು ಶಾಲೆಯ ದಾಖಲೆ, ಅದಿಲ್ಲದಿದ್ದರೆ ಜನನ ಪ್ರಮಾಣಪತ್ರ, ಎಲುಬಿನ ಪರೀಕ್ಷೆ ಕಟ್ಟಕಡೆಗೆ ಎಂದು ಕ್ರಮ ಹಾಕಿಕೊಟ್ಟಿದೆ. ಮಗು ಕಾಣೆಯಾದ ದೂರು ಬಂದರೆ ಅಪಹರಣ ಅಥವಾ ಸಾಗಣೆ ಎಂದೇ ಭಾವಿಸಿ ಎಫ್‌ಐಆರ್ ಹಾಕಿ ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಆದೇಶಿಸಿದೆ.

ಇಷ್ಟಿದ್ದರೂ ನೂಲು ಕಡಿಯುವುದು ಹಸ್ತಾಂತರದಲ್ಲಿ. ರೈಲ್ವೆ ಪಡೆಯಿಂದ ಮಕ್ಕಳ ಸಹಾಯವಾಣಿಗೆ, ಅಲ್ಲಿಂದ ಸಮಿತಿಗೆ, ಸಮಿತಿಯಿಂದ ಬಾಲಮಂದಿರಕ್ಕೆ, ಅಲ್ಲಿಂದ ಬೆಂಗಾವಲಿನೊಂದಿಗೆ ತವರು ಜಿಲ್ಲೆಗೆ. ಪ್ರತಿ ಹಂತದಲ್ಲೂ ಒಂದು ಸಹಿ ಬೀಳುತ್ತದೆ, ಸಹಿ ಹಾಕಿಸಿಕೊಂಡವರ ಹೊಣೆ ಅಲ್ಲಿಗೆ ಮುಗಿಯುತ್ತದೆ. ಮಗುವನ್ನು ಕೆಲಸಕ್ಕೆ ಕಳಿಸಲು ಅಪ್ಪ ಪಡೆದ ಮುಂಗಡ ತೀರಿದೆಯೇ? ಅದನ್ನು ಕೊಟ್ಟ ಏಜೆಂಟ್ ಮೇಲೆ ಕೇಸು ದಾಖಲಾಗಿದೆಯೇ? ಇದನ್ನು ಕೇಳದೆ ಮಗುವನ್ನು ಮನೆಗೆ ಬಿಟ್ಟರೆ, ಅದೇ ಏಜೆಂಟ್ ಮುಂದಿನ ರೈಲಿಗೆ ಹತ್ತಿಸುತ್ತಾನೆ. ನಮ್ಮ ವರದಿಯಲ್ಲಿ ಮಾತ್ರ ಅದು ‘ಕುಟುಂಬಕ್ಕೆ ಮರಳಿದ’ ಮಗು.

ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೋ ಕಾಯಿದೆಯ 2020ರ ನಿಯಮಗಳಲ್ಲಿ, ಸಮಿತಿಯು ಮಗುವಿಗೊಬ್ಬ ಸಹಾಯಕ ವ್ಯಕ್ತಿಯನ್ನು ನೇಮಿಸುವ ಅವಕಾಶವಿದೆ. ತನಿಖೆಯಲ್ಲೂ ವಿಚಾರಣೆಯಲ್ಲೂ ಆ ವ್ಯಕ್ತಿ ಮಗುವಿನ ಜೊತೆಗಿರುತ್ತಾನೆ. ಪ್ಲಾಟ್‌ಫಾರಂನಲ್ಲಿ ಒಂಟಿಯಾಗಿ ಸಿಕ್ಕ ಮಗುವಿಗೂ ಅಂಥ ಒಬ್ಬರು ಏಕಿರಬಾರದು? ಮಧ್ಯಾಹ್ನದ ಗೋಷ್ಠಿಯಲ್ಲಿ ನಿರ್ಣಯ ಬರೆಯುವವರಲ್ಲಿ ನನ್ನ ಕೋರಿಕೆ ಇಷ್ಟೇ. ‘ಸಂಬಂಧಪಟ್ಟ ಇಲಾಖೆಗಳು ಸಮನ್ವಯದಿಂದ ಕೆಲಸ ಮಾಡತಕ್ಕದ್ದು’ ಎಂಬ ಸಾಲನ್ನು ಈ ಸಲ ಕೈಬಿಡಿ. ಸಮಿತಿಯ ಮುಂದೆ ಬಂದ ಮೊದಲ ದಿನವೇ ಮಗುವಿನ ಕಡತದಲ್ಲಿ ಒಬ್ಬ ವ್ಯಕ್ತಿಯ ಹೆಸರೂ ಫೋನ್ ನಂಬರೂ ಇರಬೇಕು, ಮನೆಗೆ ಮರಳಿದ ಮೇಲೆ ಒಂದು ವರ್ಷ ಆ ಹೆಸರನ್ನು ಅಳಿಸಬಾರದು ಎಂದು ಬರೆಯಿರಿ. ಅಂಥ ಹೊಣೆ ಹೊರಲು ಸಿದ್ಧರಿರುವವರು ಊಟಕ್ಕೆ ಹೋಗುವ ಮುನ್ನ ನೋಂದಣಿ ಮೇಜಿನ ಬಳಿ ಹೆಸರು ಕೊಡಿ.