ಮೂರು ನಿಮಿಷದ ದೇಣಿಗೆ

ಬಸ್ಸಲ್ಲೋ ಮೆಟ್ರೋದಲ್ಲೋ ಕೂತು ಇದನ್ನ ಕೇಳ್ತಿದ್ರೆ ಒಂದ್ಸಲ ನಿಮ್ಮ ಫೋನಿನ ಹೋಮ್ ಸ್ಕ್ರೀನ್ ನೋಡಿ. ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂ, ಯೂಟ್ಯೂಬ್, ಅಮೆಜಾನ್ ಇರ್ತವೆ. ಈಗ 2025ರ ಜನವರಿ 20 ನೆನಪು ಮಾಡ್ಕೊಳ್ಳಿ. ಟ್ರಂಪ್ ಎರಡನೇ ಸಲ ಪ್ರಮಾಣವಚನ ತಗೊಂಡ ದಿನ. ಈ ಆ್ಯಪ್‌ಗಳನ್ನ ನಡೆಸೋ ಜುಕರ್‌ಬರ್ಗ್, ಸುಂದರ್ ಪಿಚೈ, ಬೆಜೋಸ್, ಜೊತೆಗೆ ಮಸ್ಕ್, ಇವರೆಲ್ಲಾ ಕೂತಿದ್ದು ಟ್ರಂಪ್ ಸಂಪುಟಕ್ಕೆ ಹೆಸರಿಸಿದ್ದವರಿಗಿಂತ ಮುಂದೆ. ಮದುವೆ ಮನೇಲಿ ಮುಂದಿನ ಸೋಫಾ ಯಾರಿಗೆ ಅಂತ ನೋಡಿದ್ರೆ ಸಂಬಂಧ ಎಷ್ಟು ಹತ್ತಿರದ್ದು ಅಂತ ಗೊತ್ತಾಗುತ್ತಲ್ಲ, ಹಾಗೆ.

ಆ ಸೀಟು ಸುಮ್ನೆ ಸಿಕ್ಕಿದ್ದಲ್ಲ ಅಂತ ಎಲ್ರೂ ಹೇಳಿದ್ರು. ನಾನು ಬಿ.ಕಾಂ ಓದಿದವನು, ಲೆಕ್ಕ ಹಾಕೋಣ ಅಂತ ಕೂತೆ. ಅಮೆರಿಕದಲ್ಲಿ ಅಧ್ಯಕ್ಷ ಚುನಾವಣೆಗೆ ನಿಂತವರಿಗೆ ಕಂಪನಿ ನೇರವಾಗಿ ದುಡ್ಡು ಕೊಡೋ ಹಾಗಿಲ್ಲ. ಆದ್ರೆ ಪ್ರಮಾಣವಚನ ಸಮಾರಂಭದ ನಿಧಿಗೆ ಎಷ್ಟು ಬೇಕಾದ್ರೂ ಕೊಡಬಹುದು, ಮಿತಿ ಇಲ್ಲ. ಮೆಟಾ, ಅಮೆಜಾನ್, ಗೂಗಲ್, ಮೈಕ್ರೋಸಾಫ್ಟ್ ತಲಾ 10 ಲಕ್ಷ ಡಾಲರ್ ಕೊಟ್ಟವು. ಆ್ಯಪಲ್‌ನ ಟಿಮ್ ಕುಕ್, ಓಪನ್‌ಎಐನ ಸ್ಯಾಮ್ ಆಲ್ಟ್‌ಮನ್ ಸ್ವಂತ ಜೇಬಿಂದ ಅಷ್ಟೇ ಕೊಟ್ರು. ದೊಡ್ಡ ಮೊತ್ತ ಅನ್ಸುತ್ತೆ ಅಲ್ವಾ? 2024ರಲ್ಲಿ ಮೆಟಾದ ಆದಾಯ ಸುಮಾರು 16,450 ಕೋಟಿ ಡಾಲರ್. ಅದನ್ನ ನಿಮಿಷಕ್ಕೆ ಭಾಗಿಸಿ ನೋಡಿದೆ. ಆ 10 ಲಕ್ಷ, ಮೆಟಾ ಮೂರು ನಿಮಿಷ ಚಿಲ್ಲರೆಯಲ್ಲಿ ದುಡಿಯೋ ದುಡ್ಡು. ನೀವು ಚಹಾ ಆರೋಕೆ ಕಾಯ್ತೀರಲ್ಲ, ಅಷ್ಟು ಹೊತ್ತು.

ಹಾಗಾಗಿ ನನಗೆ ದುಡ್ಡು ದೊಡ್ಡ ಸುದ್ದಿ ಅನ್ನಿಸ್ಲಿಲ್ಲ. ದುಡ್ಡಿನ ಜೊತೆ ಬೇರೆ ಏನು ಕೊಟ್ರು ಅನ್ನೋದು ಸುದ್ದಿ. 2021ರ ಜನವರಿ 7ರಂದು, ಸಂಸತ್ ಭವನದ ಮೇಲೆ ದಾಳಿ ಆದ ಮಾರನೇ ದಿನ, ಟ್ರಂಪ್ ಖಾತೆಯನ್ನ ಅನಿರ್ದಿಷ್ಟ ಕಾಲ ತಡೀತೀವಿ ಅಂತ ಜುಕರ್‌ಬರ್ಗ್ ಘೋಷಿಸಿದ್ರು. ಸರಿಯಾಗಿ ನಾಲ್ಕು ವರ್ಷ ಆದ್ಮೇಲೆ, 2025ರ ಜನವರಿ 7ರಂದು, ಅದೇ ಜುಕರ್‌ಬರ್ಗ್ ವಿಡಿಯೊದಲ್ಲಿ ಬಂದು ಅಮೆರಿಕದಲ್ಲಿ ಫ್ಯಾಕ್ಟ್‌ಚೆಕ್ ವ್ಯವಸ್ಥೆ ನಿಲ್ಲಿಸ್ತೀವಿ ಅಂದ್ರು. ಅದೇ ತಿಂಗಳ ಕೊನೆಗೆ, ಖಾತೆ ತಡೆದಿದ್ದಕ್ಕೆ ಟ್ರಂಪ್ ಹಾಕಿದ್ದ ಕೇಸನ್ನ 2.5 ಕೋಟಿ ಡಾಲರ್ ಕೊಟ್ಟು ಮುಗಿಸಿಕೊಂಡ್ರು. ಎಕ್ಸ್ ಕೂಡ ರಾಜಿ ಮಾಡ್ಕೊಂಡಿತು, ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ 2.45 ಕೋಟಿಗೆ ಮುಗಿಸಿತು. ಫ್ಯಾಕ್ಟ್‌ಚೆಕ್ ವ್ಯವಸ್ಥೆಯಲ್ಲಿ ತಪ್ಪೇ ಇರಲಿಲ್ಲ ಅಂತ ನಾನು ಹೇಳಲ್ಲ. ಆದ್ರೆ 2021ರಲ್ಲಿ ಸರಿ ಅನ್ನಿಸಿದ್ದು ಸರ್ಕಾರ ಬದಲಾದಾಗ ತಪ್ಪು ಅನ್ನಿಸಿದ್ರೆ, ನಿಯಮ ಬರೆಯೋದು ಯಾರು ಅಂತ ಕೇಳ್ಬೇಕಾಗುತ್ತೆ.

ಸೆಪ್ಟೆಂಬರ್ 4ರ ವೈಟ್‌ಹೌಸ್ ಊಟದ ವಿಡಿಯೊ ನೋಡಿದ್ರಾ? ಅಮೆರಿಕದಲ್ಲಿ ಎಷ್ಟು ಹೂಡ್ತೀರಿ ಅಂತ ಟ್ರಂಪ್ ಕೇಳಿದ್ರು. ಪಕ್ಕದಲ್ಲಿದ್ದ ಜುಕರ್‌ಬರ್ಗ್, 2028ರವರೆಗೆ ಕನಿಷ್ಠ 60 ಸಾವಿರ ಕೋಟಿ ಡಾಲರ್ ಅಂದ್ರು. ಆಮೇಲೆ ಮೈಕ್ ಆನ್ ಇದೆ ಅನ್ನೋದು ಗೊತ್ತಿಲ್ದೆ, ನಿಮಗೆ ಯಾವ ನಂಬರ್ ಬೇಕಿತ್ತೋ ನನಗೆ ಸರಿಯಾಗಿ ಗೊತ್ತಿರಲಿಲ್ಲ ಅನ್ನೋ ಅರ್ಥದ ಮಾತು ಹೇಳಿದ್ರು. ನಾನು ಇದನ್ನ ಮೂರು ಸಲ ಹಿಂದೆ ಎಳೆದು ಕೇಳಿದೆ. ವೈವಾದಲ್ಲಿ ಮೇಷ್ಟ್ರ ಮುಖ ನೋಡಿ ಉತ್ತರ ಹೇಳ್ತಿದ್ವಲ್ಲ, ಅದೇ ದನಿ.

ಟಿಮ್ ಕುಕ್ ವಿಷಯ ಮಾತ್ರ ನನಗೆ ಅಷ್ಟು ಸಲೀಸಾಗಿ ಬಯ್ಯೋಕೆ ಆಗಲ್ಲ. 2025ರ ಆಗಸ್ಟ್ 6ರಂದು ಅವರು ಟ್ರಂಪ್‌ಗೆ 24 ಕ್ಯಾರೆಟ್ ಚಿನ್ನದ ಪೀಠದ ಮೇಲೆ ನಿಲ್ಲಿಸಿದ ಗಾಜಿನ ಫಲಕ ಕೊಟ್ರು. ಅದೇ ದಿನ ಟ್ರಂಪ್, ಚಿಪ್‌ಗಳ ಮೇಲೆ ನೂರು ಪರ್ಸೆಂಟ್ ಸುಂಕ ಹಾಕ್ತೀನಿ, ಆದ್ರೆ ಅಮೆರಿಕದಲ್ಲಿ ಹೂಡೋ ಆ್ಯಪಲ್‌ನಂಥವರಿಗೆ ಇಲ್ಲ ಅಂದ್ರು. ಅದೇ ದಿನ, ರಷ್ಯಾದ ಎಣ್ಣೆ ಕೊಳ್ತೀರಿ ಅಂತ ಭಾರತದ ಮೇಲೆ ಹೆಚ್ಚುವರಿ 25 ಪರ್ಸೆಂಟ್ ಸುಂಕದ ಆದೇಶಕ್ಕೂ ಸಹಿ ಹಾಕಿದ್ರು. ಸ್ಮಾರ್ಟ್‌ಫೋನ್‌ಗೆ ಆ ಸುಂಕ ತಟ್ಟಲಿಲ್ಲ. ಭಾರತದಲ್ಲಿ ಫ್ಯಾಕ್ಟರಿ ಕಟ್ಟೋದು ಬೇಡ ಅಂತ ಟ್ರಂಪ್ ಕುಕ್‌ಗೆ ಹೇಳಿದ್ದು ಅದೇ ವರ್ಷ ಮೇ ತಿಂಗಳಲ್ಲಿ. ದೇವನಹಳ್ಳಿಯ ಫಾಕ್ಸ್‌ಕಾನ್‌ನಲ್ಲಿ ಐಫೋನ್ ಜೋಡಿಸೋ ಹೆಣ್ಣುಮಕ್ಕಳ ಸಂಬಳವೂ ಒಂದು ಲೆಕ್ಕದಲ್ಲಿ ವೈಟ್‌ಹೌಸ್‌ನ ಮೂಡಿನ ಮೇಲೆ ನಿಂತಿದೆ. ಹಾಗಿರುವಾಗ ಆ ಗಾಜಿನ ಫಲಕ ನೋಡಿ ನಕ್ಕು ಸುಮ್ಮನಾಗೋದು ಕಷ್ಟ.

ಆದ್ರೆ ಎರಡು ತಿಂಗಳಿಗೇ ಇನ್ನೊಂದು ಆಯ್ತು. ಐಸ್‌ಬ್ಲಾಕ್ ಅಂತ ಒಂದು ಆ್ಯಪ್ ಇತ್ತು, ವಲಸೆ ಇಲಾಖೆ ಅಧಿಕಾರಿಗಳು ಎಲ್ಲಿ ಕಾಣಿಸಿದ್ರು ಅಂತ ಜನ ಒಬ್ಬರಿಗೊಬ್ಬರು ತಿಳಿಸೋಕೆ. ಅಧಿಕಾರಿಗಳ ಜೀವಕ್ಕೆ ಅಪಾಯ ಅಂತ ಅಮೆರಿಕದ ನ್ಯಾಯಾಂಗ ಇಲಾಖೆ ಕೇಳಿತು, ಅಕ್ಟೋಬರ್ 2ರಂದು ಆ್ಯಪಲ್ ಅದನ್ನ ಸ್ಟೋರ್‌ನಿಂದ ತೆಗೀತು. ಕೋರ್ಟ್ ಹೇಳಿದ್ದಲ್ಲ, ಸರ್ಕಾರ ಕೇಳಿದ್ದು. ನಿಮ್ಮ ಪ್ರೈವಸಿ ನಮ್ಮ ಹೊಣೆ ಅಂತ ಜಾಹೀರಾತು ಕೊಡೋ ಕಂಪನಿ ಇದು.

ಇಲ್ಲಿ ನಮ್ಮ ಕಾಮರ್ಸ್ ಕ್ಲಾಸು ನೆನಪಾಗುತ್ತೆ. ಗುಡ್‌ವಿಲ್ ಅಂತ ಒಂದು ಐಟಂ ಇದೆ, ಗೊತ್ತಲ್ಲ? ಬೇರೆ ಕಂಪನಿಯನ್ನ ಕೊಂಡಾಗ ಅದಕ್ಕೆ ಕೊಟ್ಟ ಗುಡ್‌ವಿಲ್ ಬ್ಯಾಲೆನ್ಸ್ ಶೀಟ್‌ನಲ್ಲಿ ಬರುತ್ತೆ. ಆದ್ರೆ ಗಿರಾಕಿಗಳ ನಡುವೆ ನೀವೇ ವರ್ಷಾನುಗಟ್ಟಲೆ ಗಳಿಸಿದ ಗುಡ್‌ವಿಲ್? ನಮ್ಮ ಲೆಕ್ಕದ ನಿಯಮ ಎಎಸ್ 26ರ ಪ್ರಕಾರ ಅದನ್ನ ಆಸ್ತಿ ಅಂತ ಬರೆಯೋ ಹಾಗೇ ಇಲ್ಲ. ಆಸ್ತಿ ಅಂತ ಬರೆಯದೇ ಇದ್ದದ್ದು ಕರಗಿದಾಗ ನಷ್ಟ ಅಂತಾನೂ ಬರಲ್ಲ. ಸುಂಕ ಉಳಿದಿದ್ದು ಮುಂದಿನ ಕ್ವಾರ್ಟರ್‌ನಲ್ಲೇ ಕಾಣುತ್ತೆ, ನಂಬಿಕೆ ಹೋಗಿದ್ದು ಯಾವ ಕ್ವಾರ್ಟರ್‌ನಲ್ಲೂ ಕಾಣಲ್ಲ.

ಕಂಡಿದ್ದೂ ಇದೆ. 2024ರ ಅಕ್ಟೋಬರ್‌ನಲ್ಲಿ ಬೆಜೋಸ್ ಒಡೆತನದ ವಾಷಿಂಗ್ಟನ್ ಪೋಸ್ಟ್, ಕಮಲಾ ಹ್ಯಾರಿಸ್‌ಗೆ ಬೆಂಬಲ ಸೂಚಿಸೋ ಸಂಪಾದಕೀಯವನ್ನ ತಡೀತು. ಕೆಲವೇ ದಿನದಲ್ಲಿ ಸುಮಾರು ಎರಡೂವರೆ ಲಕ್ಷ ಜನ ಚಂದಾ ನಿಲ್ಲಿಸಿದ್ರು. ಟೆಸ್ಲಾ 2024ರಲ್ಲಿ ಸುಮಾರು 17.9 ಲಕ್ಷ ಕಾರು ಕೊಟ್ಟಿತ್ತು, 2025ರಲ್ಲಿ ಅದು 16.4 ಲಕ್ಷಕ್ಕೆ ಇಳೀತು. ಚೀನಾದ ಪೈಪೋಟಿ, ಹಳೇ ಮಾಡೆಲ್, ಎಲ್ಲಾ ಸೇರಿ ಇಳಿದಿದ್ದು, ಮಸ್ಕ್ ರಾಜಕೀಯ ಒಂದರಿಂದಲೇ ಅಲ್ಲ. ಆದ್ರೂ ಕಾರು, ಪತ್ರಿಕೆ ಬಿಡೋದು ಸುಲಭ, ಪಕ್ಕದಲ್ಲೇ ಇನ್ನೊಂದು ಸಿಗುತ್ತೆ. ವಾಟ್ಸ್‌ಆ್ಯಪ್ ಬಿಡಿ ನೋಡೋಣ! 2021ರಲ್ಲಿ ಪ್ರೈವಸಿ ಪಾಲಿಸಿ ಗಲಾಟೆ ಆದಾಗ ನಾನೂ ಸಿಗ್ನಲ್‌ಗೆ ಹೋದೆ. ಎರಡು ವಾರ ಒಬ್ಬನೇ ಕೂತಿದ್ದೆ. ಅಮ್ಮ, ಗ್ಯಾಸ್ ಏಜೆನ್ಸಿ, ಕಾಲೇಜ್ ಗ್ರೂಪ್ ಎಲ್ಲಾ ಹಳೇ ಕಡೆನೇ ಇದ್ರು. ವಾಪಸ್ ಬಂದೆ. ನಂಬಿಕೆ ಇತ್ತು ಅಂತ ಅಲ್ಲ, ಬೇರೆ ದಾರಿ ಇರಲಿಲ್ಲ. ಕಂಪನಿ ಲೆಕ್ಕದಲ್ಲಿ ಇವೆರಡೂ ಒಂದೇ, ಆ್ಯಕ್ಟಿವ್ ಯೂಸರ್.

ನಾನು ಅವರನ್ನ ಬಯ್ತಾ ಇರೋದು ಅವರ ಅಂಗಳದಲ್ಲೇ ನಿಂತು. ನಿಮ್ಮಲ್ಲಿ ಹೆಚ್ಚಿನವರು ನನಗೆ ಸಿಕ್ಕಿದ್ದು ಒಂದು ರೀಲ್‌ನಿಂದ. ನಾಳೆ ಅಲ್ಲಿ ಯಾರಿಗೋ ಬೇಡದ ವಿಷಯ ನಾನು ಮಾತಾಡಿದ್ರೆ, ಈ ಎಪಿಸೋಡ್ ನಿಮಗೆ ತಲುಪಿಲ್ಲ ಅನ್ನೋದೇ ನನಗೆ ಗೊತ್ತಾಗಲ್ಲ. ನಿಮಗೂ ಗೊತ್ತಾಗಲ್ಲ. ಅದಕ್ಕೆ ಈ ವಾರದಿಂದ ಶೋನ ಆರ್‌ಎಸ್‌ಎಸ್ ಫೀಡ್ ಕೊಂಡಿ ಈ ಪುಟದಲ್ಲೇ ಹಾಕ್ತಿದೀನಿ. ಹೆಸರು ಕೇಳಿ ಬೇರೆ ಏನೋ ಅಂದ್ಕೋಬೇಡಿ, ಇದು ಪಾಡ್‌ಕಾಸ್ಟ್ ಫೀಡು! ಫೀಡ್ ಕೊಂಡಿ ತಗೊಳ್ಳೋ ಪಾಡ್‌ಕಾಸ್ಟ್ ಆ್ಯಪ್‌ನಲ್ಲಿ ಅಂಟಿಸಬಹುದು, ಮಧ್ಯದಲ್ಲಿ ಯಾವ ಅಲ್ಗಾರಿದಂ ಇರಲ್ಲ. ಆಯ್ತು, ನನ್ನ ಸ್ಟಾಪ್ ಬಂತು, ನಿಮ್ಮದೂ ಬಂದಿರಬಹುದು. ಮುಂದಿನ ಗುರುವಾರ ಸಿಗ್ತೀನಿ.