ಮೊದಲು ನಮ್ಮ ಮನೆಯ ಕಂಪ್ಯೂಟರಿನಲ್ಲಿ ಕನ್ನಡ ನಿಲ್ಲಲಿ!

(ಯಶವಂತಪುರದಲ್ಲಿ ರಾಜ್ಯೋತ್ಸವದ ಅಂಗವಾಗಿ ಸೇರಿದ್ದ ಯುವಕ ಯುವತಿಯರ ಮುಂದೆ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳು)

ಕನ್ನಡದ ತಮ್ಮಂದಿರೇ, ತಂಗಿಯರೇ,

ನಾನು ಭಾಷಣಕಾರನಲ್ಲ. ಪಿಯುಸಿ ಓದಿ ಪ್ರೆಸ್ಸಿಗೆ ಇಳಿದವನು. ಮದುವೆ ಪತ್ರಿಕೆ, ಬಿಲ್ ಬುಕ್, ಕರಪತ್ರ, ಇವೇ ನನ್ನ ಪ್ರಪಂಚ. ಆದರೆ ಇವತ್ತು ಮಸಿಯ ಬಗ್ಗೆ ಮಾತಾಡಲು ಬಂದಿಲ್ಲ. ಕಂಪ್ಯೂಟರಿನ ಬಗ್ಗೆ ಮಾತಾಡುತ್ತೇನೆ.

ಅಂಗಡಿಯ ಬೋರ್ಡಿನಲ್ಲಿ ಶೇಕಡ 60 ಭಾಗ ಕನ್ನಡ ಇರಬೇಕೆಂದು 2024ರಲ್ಲಿ ಕಾನೂನಿಗೆ ತಿದ್ದುಪಡಿಯಾಯಿತು. ಒಳ್ಳೆಯದು. ಈಗ ಅದೇ ಅಂಗಡಿಯ ವೆಬ್‌ಸೈಟ್ ತೆಗೆದು ನೋಡಿ. ಎಲ್ಲಿದೆ ಕನ್ನಡ? ಹೆಬ್ಬಾಳದಿಂದ ಯಲಹಂಕದವರೆಗೆ ಎಷ್ಟು ಆಸ್ಪತ್ರೆ, ಎಷ್ಟು ಛತ್ರ, ಎಷ್ಟು ಟ್ಯುಟೋರಿಯಲ್! ಬೋರ್ಡು ಬೀದಿಯಲ್ಲಿ ಹೋಗುವವರಿಗೆ ಕಾಣುತ್ತದೆ. ವೆಬ್‌ಸೈಟ್ ಮೊಬೈಲ್ ಹಿಡಿದವರಿಗೆಲ್ಲ ಕಾಣುತ್ತದೆ. ಯಾವುದು ದೊಡ್ಡ ಬೀದಿ, ನೀವೇ ಹೇಳಿ.

ನಮ್ಮ ಪ್ರೆಸ್ಸಿಗೂ ಒಂದು ವೆಬ್‌ಸೈಟ್ ಮಾಡಿಸಿದೆವು. ಗಿರಾಕಿಗಳು ಅದರಲ್ಲೇ ಹೆಸರು ಬರೆದು ಆರ್ಡರ್ ಕೊಡಲಿ ಎಂಬುದು ಆಸೆ. ಗಿರಾಕಿ ಕನ್ನಡದಲ್ಲಿ ಹೆಸರು ಬರೆದರೆ ನಮಗೆ ಬಂದದ್ದು ಬರೀ ಪ್ರಶ್ನಾರ್ಥಕ ಚಿಹ್ನೆಗಳ ಸಾಲು! ಕೇಳಿದರೆ, "ಸಾರ್, ಸಿಸ್ಟಮ್‌ನಲ್ಲಿ ಕನ್ನಡ ಬರಲ್ಲ" ಎಂದರು. ಕನ್ನಡ ಬರುವುದಿಲ್ಲವೇ? ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ, 1991ರಲ್ಲೇ, ಕನ್ನಡಕ್ಕೆ ಜಾಗ ಸಿಕ್ಕಿದೆ. ಕನ್ನಡ ವಿಕಿಪೀಡಿಯ 2003ರಿಂದ ನಡೆಯುತ್ತಿದೆ. ಬಾರದೇ ಇದ್ದದ್ದು ಕನ್ನಡವಲ್ಲ ಸ್ವಾಮಿ, ಕನ್ನಡವನ್ನು ಹಾಕಿ ನೋಡುವ ಮನಸ್ಸು!

ಪ್ರೆಸ್ಸಿನಲ್ಲಿ ಒಂದು ನಿಯಮ ಇದೆ. ಪ್ರೂಫ್ ತೆಗೆಯದೆ ಯಂತ್ರ ಓಡಿಸಬಾರದು. ವೆಬ್‌ಸೈಟಿಗೂ ಪ್ರೂಫ್ ತೆಗೆಯುವ ಜಾಗ ಒಂದಿದೆ. ಅದೇ ನಿಮ್ಮ ಕಂಪ್ಯೂಟರಿನೊಳಗಿನ ಸರ್ವರ್. ಸರ್ವರ್ ಎಂದರೆ ದೊಡ್ಡ ಏಸಿ ಕೋಣೆ ಬೇಕು ಎಂದುಕೊಳ್ಳಬೇಡಿ. ಪುಟ ಕೇಳಿದವರಿಗೆ ಪುಟ ಕೊಡುವ ಒಂದು ತಂತ್ರಾಂಶ, ಅಷ್ಟೇ. ಆರ್.ಟಿ. ನಗರದ ಒಂದು ರೂಮಿನಲ್ಲಿ, ಹಳೇ ಕಂಪ್ಯೂಟರಿನಲ್ಲೂ ಅದು ಓಡುತ್ತದೆ. ಬಾಡಿಗೆ ಇಲ್ಲ, ಯಾರ ಅಪ್ಪಣೆಯೂ ಬೇಡ.

ಹೇಗೆ? ಹೇಳುತ್ತೇನೆ, ಬರೆದುಕೊಳ್ಳಿ.

ಕ್ಸಾಂಪ್ ಎಂಬ ತಂತ್ರಾಂಶ 2002ರಿಂದ ಪುಕ್ಕಟೆಯಾಗಿ ಸಿಗುತ್ತಿದೆ. ಪುಟ ಕೊಡುವ ಅಪಾಚೆ, ಲೆಕ್ಕ ಇಡುವ ಡೇಟಾಬೇಸ್, ಎರಡನ್ನೂ ಜೋಡಿಸುವ ಪಿಎಚ್‌ಪಿ, ಮೂರೂ ಒಂದೇ ಪೊಟ್ಟಣದಲ್ಲಿವೆ. ವಿಂಡೋಸ್‌ಗೂ ಸಿಗುತ್ತದೆ, ಲಿನಕ್ಸ್‌ಗೂ ಸಿಗುತ್ತದೆ. ವಿಂಡೋಸ್ ಆದರೆ ನೇರವಾಗಿ ಸಿ ಡ್ರೈವಿನಲ್ಲೇ ಹಾಕಿ. ಕಂಟ್ರೋಲ್ ಪ್ಯಾನೆಲ್ ತೆರೆದು ಅಪಾಚೆ, ಮೈಎಸ್‌ಕ್ಯುಎಲ್ ಎರಡರ ಮುಂದೂ ಸ್ಟಾರ್ಟ್ ಒತ್ತಿ. ಬ್ರೌಸರಿನಲ್ಲಿ ಲೋಕಲ್‌ಹೋಸ್ಟ್ ಎಂದು ಬರೆಯಿರಿ, ಅಥವಾ 127.0.0.1 ಎಂದು. ಪುಟ ಬಂತೇ? ನಿಮ್ಮ ಸರ್ವರ್ ಎದ್ದು ನಿಂತಿತು!

ಅಪಾಚೆ ಏಳಲಿಲ್ಲವೇ? 80ನೇ ಪೋರ್ಟಿನಲ್ಲಿ ಬೇರೆ ಯಾವುದೋ ತಂತ್ರಾಂಶ ಕೂತಿರಬಹುದು. ಅಪಾಚೆಯ ಕಾನ್ಫಿಗ್ ಫೈಲಿನಲ್ಲಿ ಲಿಸನ್ 80 ಎಂದಿರುವುದನ್ನು 8080 ಮಾಡಿ. ವಿಳಾಸದಲ್ಲೂ ಲೋಕಲ್‌ಹೋಸ್ಟ್ ಆದಮೇಲೆ ಕೋಲನ್ ಹಾಕಿ 8080 ಸೇರಿಸಿ.

ಕ್ಸಾಂಪ್ ಒಳಗೆ ಎಚ್‌ಟಿಡಾಕ್ಸ್ ಎಂಬ ಫೋಲ್ಡರ್ ಇರುತ್ತದೆ. ನಿಮ್ಮ ಪುಟಗಳನ್ನೆಲ್ಲ ಅಲ್ಲಿಡಿ. ಇನ್ನು ಕನ್ನಡದ ಕೆಲಸ ಶುರು. ಇದು ನಾಲ್ಕು ಕಡೆ ಗಟ್ಟಿಯಾಗಬೇಕು. ಒಂದು, ಫೈಲನ್ನು ಯುಟಿಎಫ್-8 ಆಗಿ ಉಳಿಸಿ. ಎರಡು, ಪುಟದ ತಲೆಯಲ್ಲಿ ಚಾರ್‌ಸೆಟ್ ಯುಟಿಎಫ್-8 ಎಂದು ಸಾರಿ. ಮೂರು, ಡೇಟಾಬೇಸ್ ತೆರೆಯುವಾಗ ಯುಟಿಎಫ್8ಎಂಬಿ4 ಆರಿಸಿ. ನಾಲ್ಕು, ಪಿಎಚ್‌ಪಿ ಡೇಟಾಬೇಸಿಗೆ ಮಾತಾಡುವ ಸಂಪರ್ಕಕ್ಕೂ ಅದನ್ನೇ ಹೇಳಿ. ಕೊನೆಯ ಎರಡರಲ್ಲಿ ಒಂದು ತಪ್ಪಿದರೂ ಅದೇ ಪ್ರಶ್ನಾರ್ಥಕ ಚಿಹ್ನೆಗಳ ಸಾಲು! ಮೈಎಸ್‌ಕ್ಯುಎಲ್ 2018ರಲ್ಲಿ 8.0 ಆವೃತ್ತಿ ಬರುವ ತನಕ ಲ್ಯಾಟಿನ್ ಲಿಪಿಯನ್ನೇ ಮೊದಲ ಆಯ್ಕೆಯಾಗಿ ಇಟ್ಟಿತ್ತು. ಹಳೆಯ ಸೈಟುಗಳಲ್ಲಿ ಕನ್ನಡ ಸಾಯುತ್ತಿದ್ದದ್ದಕ್ಕೆ ಇದೂ ಒಂದು ಕಾರಣ.

ಇನ್ನೊಂದು ಮೋಸ ನೋಡಿ. ಕೃಷ್ಣಮೂರ್ತಿ ಎಂದು ಬರೆಯಿರಿ. ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ಯೂನಿಕೋಡಿಗೆ 11 ಸಂಕೇತ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟು, ಅಲ್ಲಿಗೆ 33 ಬೈಟು. ಹೆಸರು 30 ಮೀರಬಾರದು ಎಂದು ಬರೆದ ಪ್ರೋಗ್ರಾಂ ಬೈಟು ಎಣಿಸಿದರೆ ನಮ್ಮ ಕೃಷ್ಣಮೂರ್ತಿಯನ್ನು ಹೊರಗೆ ತಳ್ಳುತ್ತದೆ! ಅದೇ ಹೆಸರನ್ನು ಇಂಗ್ಲಿಷಿನಲ್ಲಿ ಬರೆದರೆ 13 ಬೈಟು, ಒಳಗೆ ಬಿಡುತ್ತದೆ. ಪಿಎಚ್‌ಪಿಯಲ್ಲಿ ಸ್ಟ್ರ್‌ಲೆನ್ ಬೈಟು ಎಣಿಸುತ್ತದೆ, ಎಂಬಿ ಸ್ಟ್ರ್‌ಲೆನ್ ಸಂಕೇತ ಎಣಿಸುತ್ತದೆ. ಎರಡನೆಯದನ್ನು ಬಳಸಿ. ಯಾರೋ ಬೇಕೆಂದೇ ದ್ವೇಷದಿಂದ ಮಾಡಿದ್ದಲ್ಲ ಇದು. ಕನ್ನಡದ ಹೆಸರು ಹಾಕಿ ಯಾರೂ ಪ್ರೂಫ್ ತೆಗೆಯಲಿಲ್ಲ, ಅಷ್ಟೇ.

ಅಕಾರಾದಿ ಪಟ್ಟಿಯದೂ ಇದೇ ಕಥೆ. ನಮ್ಮ ನಿಘಂಟಿನಲ್ಲಿ ಳ ಬರುವುದು ಹ ಆದಮೇಲೆ. ಯೂನಿಕೋಡಿನ ಸಂಖ್ಯೆಯಲ್ಲಿ ಅದು ಲ ಪಕ್ಕದಲ್ಲೇ ಇದೆ. ಬರೀ ಸಂಖ್ಯೆ ನೋಡಿ ಜೋಡಿಸಿದರೆ ಬಸವನಗುಡಿಗಿಂತ ಮುಂಚೆ ಬಳ್ಳಾರಿ ಬಂದು ಕೂರುತ್ತದೆ. ಇದನ್ನು ಕನ್ನಡ ಬಲ್ಲವನಲ್ಲದೆ ಬೇರೆ ಯಾರು ಹಿಡಿಯಬೇಕು?

ನಮ್ಮ ಪ್ರೆಸ್ಸಿನವರಿಗೂ ಒಂದು ಮಾತು. ಪೇಜ್‌ಮೇಕರಿನಲ್ಲಿ ಬಳಸುವ ಹಳೇ ನುಡಿ, ಶ್ರೀಲಿಪಿ ಫಾಂಟುಗಳು ಇಂಗ್ಲಿಷಿನ ಸಂಕೇತಗಳಿಗೆ ಕನ್ನಡದ ವೇಷ ಹಾಕಿದವು. ಕಾಗದದ ಮೇಲೆ ಚೆನ್ನ. ಅದನ್ನೇ ವೆಬ್ ಪುಟಕ್ಕೆ ಅಂಟಿಸಿದರೆ, ಆ ಫಾಂಟ್ ಇಲ್ಲದವರಿಗೆ ಅರ್ಥವಿಲ್ಲದ ಗೀಚು. ಹುಡುಕಿದರೂ ಸಿಗದು. ಮೊದಲು ಯೂನಿಕೋಡಿಗೆ ಬದಲಾಯಿಸಿ, ಆಮೇಲೆ ಹಾಕಿ.

ಎಲ್ಲ ಸರಿಯಾಯಿತೇ? ಮೊಬೈಲನ್ನೂ ಕಂಪ್ಯೂಟರನ್ನೂ ಒಂದೇ ವೈಫೈಗೆ ಜೋಡಿಸಿ. ಕಂಪ್ಯೂಟರಿನ ಐಪಿ ಸಂಖ್ಯೆಯನ್ನು ಮೊಬೈಲಿನ ಬ್ರೌಸರಿನಲ್ಲಿ ಬರೆಯಿರಿ. ಫೈರ್‌ವಾಲ್ ಅಡ್ಡ ಬಂದರೆ ಅಪಾಚೆಗೆ ಅನುಮತಿ ಕೊಡಿ. ನಿಮ್ಮ ಕನ್ನಡ ಪುಟ ಅಂಗೈಯಲ್ಲಿ ತೆರೆದುಕೊಳ್ಳುತ್ತದೆ. ಒಂದು ಎಚ್ಚರಿಕೆ: ಕ್ಸಾಂಪ್ ಇರುವುದು ಅಭ್ಯಾಸಕ್ಕೆ. ಅದರ ಡೇಟಾಬೇಸಿನ ಮುಖ್ಯ ಖಾತೆಗೆ ಪಾಸ್‌ವರ್ಡ್ ಇಲ್ಲದೆಯೇ ಬರುತ್ತದೆ. ಅದನ್ನು ಹಾಗೇ ಊರಿಗೆಲ್ಲ ತೆರೆದಿಟ್ಟರೆ ಅಂಗಡಿಗೆ ಬೀಗ ಹಾಕದೆ ಮಲಗಿದಂತೆ.

ತಮ್ಮಂದಿರೇ, ತಂಗಿಯರೇ, ಮಾನ್ಯತಾ ಟೆಕ್ ಪಾರ್ಕಿನ ಗೇಟಿನ ಮುಂದೆ ನಿಂತು ಕೆಲಸ ಕೊಡಿ ಎಂದು ಕೇಳುವುದು ನಮ್ಮ ಹಕ್ಕು, ಕೇಳೋಣ. ಆದರೆ ಕೈಯಲ್ಲಿ ಕಸುಬು ಇರಲಿ. ನಿಮ್ಮ ಬೀದಿಯ ದಿನಸಿ ಅಂಗಡಿಗೆ, ನಿಮ್ಮ ಡಾಕ್ಟರಿಗೆ, ನಿಮ್ಮ ಶಾಲೆಗೆ ಒಂದು ಕನ್ನಡ ಪುಟ ಮಾಡಿ ತೋರಿಸಿ. ಪುಕ್ಕಟೆ ಮಾಡಬೇಡಿ, ಕೂಲಿ ಕೇಳಿ. ಕನ್ನಡ ಅನ್ನ ಕೊಡುವುದು ಹೀಗೆ. ಇನ್ನು ಮುಂದೆ ಯಾರಾದರೂ "ಸಿಸ್ಟಮ್‌ನಲ್ಲಿ ಕನ್ನಡ ಬರಲ್ಲ" ಎಂದರೆ ಜಗಳಕ್ಕೆ ಹೋಗಬೇಡಿ. ಲ್ಯಾಪ್‌ಟಾಪ್ ತೆರೆಯಿರಿ, ಕೃಷ್ಣಮೂರ್ತಿ ಎಂದು ಬರೆದು ತೋರಿಸಿ. ಆಮೇಲೆ ಕೇಳಿ: ನನ್ನ ರೂಮಿನಲ್ಲಿ ಬರುವ ಕನ್ನಡ ನಿಮ್ಮ ಆಫೀಸಿನಲ್ಲಿ ಯಾಕೆ ಬರುವುದಿಲ್ಲ?

ಸಿರಿಗನ್ನಡಂ ಗೆಲ್ಗೆ! ಜೈ ಕರ್ನಾಟಕ!