ಮುಷ್ಕರಕ್ಕೆ ದುಡ್ಡೆಲ್ಲಿಂದ?

ನಿಮ್ಮಲ್ಲಿ ಕೆಲವರು ಕಾಲೇಜು ಓದುತ್ತಲೇ ವಾನ್ಸ್‌ನಲ್ಲೋ ರಾಲ್ಫ್ಸ್‌ನಲ್ಲೋ ಕೆಲಸ ಮಾಡುತ್ತೀರಿ. ಸಂಬಳದ ಚೀಟಿಯಲ್ಲಿ ಯೂನಿಯನ್ ಚಂದಾ ಕಳೆದಿರುವುದನ್ನು ನೋಡಿ ಮುಖ ಸಿಂಡರಿಸಿರಲೂಬಹುದು. ಆ ದುಡ್ಡು ಏನಾಗುತ್ತದೆ ಎಂದು ಯಾವತ್ತಾದರೂ ವಿಚಾರಿಸಿದ್ದೀರಾ?

2003ರ ಅಕ್ಟೋಬರ್ 11. ಯು.ಎಫ್.ಸಿ.ಡಬ್ಲ್ಯೂ. ಯೂನಿಯನ್ ವಾನ್ಸ್ ಅಂಗಡಿಗಳಲ್ಲಿ ಮುಷ್ಕರ ಹೂಡಿತು. ಕೂಡಲೇ ರಾಲ್ಫ್ಸ್, ಆಲ್ಬರ್ಟ್‌ಸನ್ಸ್ ಕೂಡ ತಮ್ಮ ಕೆಲಸಗಾರರನ್ನು ಹೊರಗಿಟ್ಟವು. ಜಗಳ ಮುಖ್ಯವಾಗಿ ಆರೋಗ್ಯ ವಿಮೆಯ ಖರ್ಚಿನದು. ಲಾಸ್ ಏಂಜಲೀಸ್‌ನ ಲೋಕಲ್ 770, ಸ್ಯಾನ್ ಡಿಯಾಗೋದ ಲೋಕಲ್ 135 ಸೇರಿ ಏಳು ಶಾಖೆಗಳ ಸುಮಾರು 59,000 ಜನ 141 ದಿನ ಬೀದಿಯಲ್ಲಿದ್ದರು.

ಈಗ ಸ್ವಲ್ಪ ಲೆಕ್ಕ ಹಾಕಿ. ತಲೆಗೆ ವಾರಕ್ಕೆ ಬರೀ 100 ಡಾಲರ್ ಮುಷ್ಕರ ಭತ್ಯೆ ಎಂದುಕೊಂಡರೂ ವಾರಕ್ಕೆ 59 ಲಕ್ಷ ಡಾಲರ್ ಬೇಕು. ಇಪ್ಪತ್ತು ವಾರಕ್ಕೆ 11 ಕೋಟಿ 80 ಲಕ್ಷ. (ನಿಮ್ಮ ಲೆಕ್ಕದಲ್ಲಿ 118 ಮಿಲಿಯನ್!) ಸಂಬಳವೇ ಇಲ್ಲದವರಿಂದ ಚಂದಾ ಎಲ್ಲಿಂದ ಬರಬೇಕು? ಅಂದರೆ ಖರ್ಚು ಏರುವ ಹೊತ್ತಿಗೇ ಆದಾಯ ಬತ್ತುತ್ತದೆ. ಕೆಲವು ಶಾಖೆಗಳು ನಡುವೆಯೇ ಭತ್ಯೆ ಕಡಿತ ಮಾಡಬೇಕಾಯಿತು. ಆ ಕಡೆ ಮೂರೂ ಕಂಪನಿಗಳು ಮುಷ್ಕರದ ನಷ್ಟವನ್ನು ತಮ್ಮೊಳಗೇ ಹಂಚಿಕೊಳ್ಳುವ ಒಪ್ಪಂದ ಮಾಡಿಕೊಂಡಿದ್ದವು.

2004ರ ಫೆಬ್ರುವರಿ ಕೊನೆಗೆ ರಾಜಿಯಾಯಿತು. ಹಳಬರಿಗೊಂದು ಸಂಬಳ, ಹೊಸದಾಗಿ ಸೇರುವವರಿಗೆ ಅದಕ್ಕಿಂತ ಕಡಿಮೆ. ಸೇರುವವರು ಯಾರು? ನಿಮ್ಮ ವಯಸ್ಸಿನ ಹುಡುಗ ಹುಡುಗಿಯರೇ! ಆ ಭೇದ ಹೋಗಲು 2007ರ ಒಪ್ಪಂದದವರೆಗೆ ಕಾಯಬೇಕಾಯಿತು. ಖಜಾನೆ ಇನ್ನಷ್ಟು ಗಟ್ಟಿಯಿದ್ದಿದ್ದರೆ ಫಲ ಬೇರೆಯಾಗುತ್ತಿತ್ತೇ? ದುಡ್ಡೊಂದೇ ಕಾರಣವೆಂದು ನಾನು ಹೇಳಲಾರೆ. ಆದರೆ ಹಸಿದ ಮನೆಯವರು ಬಹಳ ದಿನ ಹಟ ಹಿಡಿಯಲಾರರು.

ನಿಮ್ಮ ಯೂನಿಯನ್ನಿನ ಲೆಕ್ಕ ನೋಡಲು ಯಾರ ಅಪ್ಪಣೆಯೂ ಬೇಡ. 1959ರ ಕಾನೂನಿನ ಪ್ರಕಾರ ಯೂನಿಯನ್‌ಗಳು ಪ್ರತಿವರ್ಷ ಕಾರ್ಮಿಕ ಇಲಾಖೆಗೆ ವರದಿ ಸಲ್ಲಿಸಬೇಕು. ದೊಡ್ಡವು ತುಂಬುವ ನಮೂನೆಯ ಹೆಸರು ಎಲ್‌ಎಂ-2. ಇಲಾಖೆಯ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಒಂದೇ ವರ್ಷದ್ದು ನೋಡಿ ಮೋಸಹೋಗಬೇಡಿ, ಐದಾರು ವರ್ಷದ್ದು ಪಕ್ಕಪಕ್ಕ ಇಟ್ಟುಕೊಳ್ಳಿ. ಸದಸ್ಯರು ಕಡಿಮೆಯಾಗುತ್ತಾ ಪದಾಧಿಕಾರಿಗಳ ಸಂಬಳ ಏರುತ್ತಿದೆಯೇ? ಸಾಲ ಬೆಳೆದಿದೆಯೇ? ಮಾತೃಸಂಸ್ಥೆಗೆ ಎಷ್ಟು ಹೋಗುತ್ತಿದೆ? ವಿಮೆ, ಪಿಂಚಣಿಯ ಹಣವನ್ನು ಮಾತ್ರ ಅಲ್ಲಿ ಹುಡುಕಬೇಡಿ. ಅದು ಕಂಪನಿ, ಯೂನಿಯನ್ ಇಬ್ಬರೂ ಸೇರಿ ನೋಡಿಕೊಳ್ಳುವ ಬೇರೆಯೇ ಟ್ರಸ್ಟಿನಲ್ಲಿರುತ್ತದೆ.

ಮುಂದಿನ ಸಭೆಗೆ ಹೋಗುವಾಗ ಆ ಕಾಗದಗಳು ಕೈಯಲ್ಲಿರಲಿ. ಖಜಾಂಚಿಯನ್ನು ಎದ್ದು ನಿಂತು ಕೇಳಿ.